ಬ್ಲೈ ಮನೆಯಲ್ಲಿ ಅವಳು ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಪ್ರಶ್ನೆ: ಹೆನ್ರಿ ಜೇಮ್ಸ್ ಬರೆದ ‘ದಿ ಟರ್ನ್ ಆಫ್ ದ ಸ್ಕ್ರೂ’ ಎಂಬ ದೆವ್ವದ ಕತೆಯನ್ನು ಮೊದಲ ಸಲ ಓದಿದಾಗ ದೆವ್ವಗಳು ನಿಜವೆಂದೇ ನಂಬಿದ್ದೆ. ಕತೆ ಹೇಳುವ ಗವರ್ನೆಸ್‌ಗೆ (ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವವಳಿಗೆ) ಭ್ರಮೆ ಹಿಡಿದಿತ್ತು, ಅವಳ ಮಾತು ನಂಬುವಂಥದ್ದಲ್ಲ ಎಂಬ ವಿಮರ್ಶೆಯೊಂದನ್ನು ನೋಡಿದ ಮೇಲೆ ಪುಸ್ತಕವನ್ನು ಮತ್ತೆ ತೆರೆದೆ. ಈಗ ಯಾವುದನ್ನೂ ನಂಬಲಾಗುತ್ತಿಲ್ಲ. ಅದು ಭ್ರಮೆಯೇ ಆಗಿದ್ದರೆ, ಎಂದೂ ನೋಡಿರದ ಸತ್ತ ಸೇವಕನ ಚಹರೆಯನ್ನು ಅವಳು ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳಿದಳು? ಸರಿಯಾದ ಉತ್ತರ ಲೇಖಕನಿಗೆ ಗೊತ್ತಿತ್ತೆ, ಅಥವಾ ಅವನು ನಮಗೆ ಮೋಸ ಮಾಡಿದನೆ?

ಉತ್ತರ: ನಿಮ್ಮ ಮಾತಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ, ಮೊದಲು ಅವನ್ನು ಬಿಡಿಸಿಕೊಳ್ಳೋಣ. ಬ್ಲೈ ಎಂಬ ಆ ಹಳ್ಳಿಮನೆಯಲ್ಲಿ ದೆವ್ವಗಳಿದ್ದವೇ ಎಂಬುದು ಒಂದು. ಕತೆ ಹೇಳುವ ಹೆಣ್ಣಿನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇನ್ನೊಂದು. ಈ ಕೃತಿಯ ಬಗ್ಗೆ ಬರೆದ ಅನೇಕರು ಇವೆರಡೂ ಒಂದೇ ಎಂದು ಹಿಡಿದು, ದೆವ್ವಗಳಿದ್ದರೆ ಅವಳು ಸತ್ಯವಂತೆ, ಇಲ್ಲದಿದ್ದರೆ ಅವಳು ಭ್ರಾಂತಳು ಎಂಬ ಕವಲುದಾರಿಯಲ್ಲಿ ಓದುಗರನ್ನು ತಂದು ನಿಲ್ಲಿಸಿದ್ದಾರೆ. ನನಗೆ ಈ ಕವಲೇ ಸರಿಕಾಣುವುದಿಲ್ಲ. ದೆವ್ವಗಳು ನಿಜವಾಗಿಯೂ ಇದ್ದು, ಅವುಗಳ ಉದ್ದೇಶದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಮಕ್ಕಳ ಬಗ್ಗೆ, ಅವಳು ಹೇಳುವುದೆಲ್ಲ ತಪ್ಪಾಗಿರುವುದು ಸಾಧ್ಯ. ಕೃತಿಯನ್ನು ನಿಧಾನವಾಗಿ ಓದಿದರೆ ಮೊದಲನೆಯ ಪ್ರಶ್ನೆ ಕೊನೆಯವರೆಗೂ ಇತ್ಯರ್ಥವಾಗುವುದಿಲ್ಲ. ಎರಡನೆಯದಕ್ಕೆ ಮಾತ್ರ ಪುಟದ ಮೇಲೆಯೇ ಸಾಕ್ಷ್ಯ ಸಿಗುತ್ತದೆ.

ಕೃತಿಯನ್ನು ಓದಿರದವರಿಗಾಗಿ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಬಡ ಪಾದ್ರಿಯೊಬ್ಬನ ಕಿರಿಯ ಮಗಳು, ಇಪ್ಪತ್ತರ ಹರೆಯದವಳು, ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿ ಸಿರಿವಂತನೊಬ್ಬನನ್ನು ಕಂಡು ಕೆಲಸ ಒಪ್ಪಿಕೊಳ್ಳುತ್ತಾಳೆ. ಎಸೆಕ್ಸ್ ಪ್ರಾಂತದ ಬ್ಲೈ ಎಂಬಲ್ಲಿರುವ ಅವನ ಮನೆಯಲ್ಲಿ ತಂದೆತಾಯಿಯಿಲ್ಲದ ಇಬ್ಬರು ಮಕ್ಕಳನ್ನು ನೋಡಿಕೊಂಡು ಪಾಠ ಹೇಳಬೇಕು. ಹತ್ತು ವರ್ಷದ ಮೈಲ್ಸ್ ಅವನ ತಮ್ಮನ ಮಗ, ಎಂಟು ವರ್ಷದ ಫ್ಲೋರಾ ಆ ಹುಡುಗನ ತಂಗಿ. ಅವನ ಷರತ್ತು ಒಂದೇ: ಏನೇ ಆಗಲಿ, ತನಗೆ ಕಾಗದ ಬರೆಯಕೂಡದು, ದೂರು ತರಕೂಡದು. ಆ ಮನೆಯ ಆಡಳಿತ ನೋಡಿಕೊಳ್ಳುವಾಕೆ ಮಿಸೆಸ್ ಗ್ರೋಸ್. ಸ್ವಲ್ಪ ದಿನಗಳಲ್ಲಿ ಗವರ್ನೆಸ್‌ಗೆ ಗೋಪುರದ ಮೇಲೊಬ್ಬ ಅಪರಿಚಿತ ಗಂಡಸು ಕಾಣುತ್ತಾನೆ, ಆಮೇಲೆ ಕಿಟಕಿಯಾಚೆ ಅವನೇ ನಿಂತಿರುತ್ತಾನೆ. ಅವನು ಯಜಮಾನನ ಆಪ್ತಸೇವಕನಾಗಿದ್ದ ಪೀಟರ್ ಕ್ವಿಂಟ್, ಸತ್ತುಹೋದವನು ಎಂದು ಗ್ರೋಸ್ ಗುರುತಿಸುತ್ತಾಳೆ. ಕೆರೆಯಾಚೆ ಕಪ್ಪು ಉಡುಪಿನ ಹೆಂಗಸೊಬ್ಬಳು ಕಾಣಿಸುತ್ತಾಳೆ. ಇವಳಿಗಿಂತ ಮೊದಲು ಅದೇ ಕೆಲಸದಲ್ಲಿದ್ದು ತೀರಿಕೊಂಡ ಮಿಸ್ ಜೆಸೆಲ್ ಅವಳೇ ಎಂದು ಗವರ್ನೆಸ್ ತೀರ್ಮಾನಿಸುತ್ತಾಳೆ. ಸತ್ತ ಈ ಇಬ್ಬರೂ ಮಕ್ಕಳನ್ನು ಕೆಡಿಸಲು ಬಂದಿದ್ದಾರೆ, ಮಕ್ಕಳಿಗೆ ಅದು ಗೊತ್ತಿದ್ದೂ ಅಡಗಿಸುತ್ತಿದ್ದಾರೆ ಎಂಬುದು ಅವಳ ನಂಬಿಕೆ. ಕೊನೆಯಲ್ಲಿ ಫ್ಲೋರಾ ಜ್ವರ ಬಂದು ಮನೆ ಬಿಟ್ಟು ಹೋಗುತ್ತಾಳೆ, ಮೈಲ್ಸ್ ಗವರ್ನೆಸ್‌ಳ ತೋಳುಗಳಲ್ಲೇ ಪ್ರಾಣ ಬಿಡುತ್ತಾನೆ.

ಕತೆಯ ಬೀಜ ಜೇಮ್ಸನಿಗೆ ಸಿಕ್ಕಿದ್ದು 1895ರ ಜನವರಿಯಲ್ಲಿ. ಆ ತಿಂಗಳ 5ರಂದು ಲಂಡನ್ನಿನಲ್ಲಿ ಅವನ ನಾಟಕದ ಮೊದಲ ಪ್ರದರ್ಶನ ನಡೆದು, ಕೊನೆಯಲ್ಲಿ ವೇದಿಕೆಗೆ ಬಂದ ಲೇಖಕನನ್ನು ಪ್ರೇಕ್ಷಕರ ಒಂದು ಭಾಗ ಕೂಗಿ ಅವಮಾನಿಸಿತ್ತು. ಅದಾಗಿ ಐದು ದಿನಕ್ಕೆ ಅವನು ಆಡಿಂಗ್ಟನ್‌ನಲ್ಲಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್ ಅವರ ಮನೆಗೆ ಹೋಗಿದ್ದ. ಕೆಟ್ಟ ಸೇವಕರು ಸತ್ತಮೇಲೂ ಬಂದು ಮಕ್ಕಳನ್ನು ತಮ್ಮತ್ತ ಸೆಳೆಯಲು ನೋಡುವ ಕತೆಯ ಎಳೆಯೊಂದನ್ನು ಆರ್ಚ್‌ಬಿಷಪ್ ಅಲ್ಲಿ ಹೇಳಿದರು. 12ನೆಯ ತಾರೀಕು ಜೇಮ್ಸ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಕತೆಯನ್ನು ಹೊರಗಿನಿಂದ ನೋಡುವ ಸಾಕ್ಷಿಯೊಬ್ಬರು ಹೇಳುವುದು ಒಳ್ಳೆಯದೆಂದು ಆಗ ಅವನಿಗನ್ನಿಸಿತ್ತು. ಆದರೆ 1897ರಲ್ಲಿ, ಮಣಿಕಟ್ಟಿನ ನೋವಿನಿಂದಾಗಿ ಟೈಪಿಸ್ಟನಿಗೆ ಬಾಯಲ್ಲಿ ಹೇಳಿ ಬರೆಸುವಾಗ, ಹೊರಗಿನವಳಾಗಬೇಕಿದ್ದ ಆ ಸಾಕ್ಷಿ ಕತೆಯ ಒಳಗೇ ಬಂದು ಕುಳಿತಳು. ದೆವ್ವಗಳನ್ನು ನೋಡುವವಳೂ ಅವಳೇ, ಮಕ್ಕಳನ್ನು ಕಾಯುವವಳೂ ಅವಳೇ, ಕೊನೆಗೆ ನಡೆದದ್ದನ್ನು ದಾಖಲಿಸುವವಳೂ ಅವಳೇ ಆದಳು. ಅಮೆರಿಕದ ‘ಕೋಲಿಯರ್ಸ್ ವೀಕ್ಲಿ’ಯಲ್ಲಿ 1898ರ ಜನವರಿಯಿಂದ ಏಪ್ರಿಲ್‌ವರೆಗೆ ಇದು ಧಾರಾವಾಹಿಯಾಗಿ ಬಂತು, ಅದೇ ವರ್ಷ ಪುಸ್ತಕವೂ ಆಯಿತು.

ಈಗ ಅವಳ ನಿರೂಪಣೆಯನ್ನೇ ಹತ್ತಿರದಿಂದ ನೋಡೋಣ. ನಿರೂಪಕಿಯನ್ನು ನಂಬಬಾರದು ಎಂದಮಾತ್ರಕ್ಕೆ ಅವಳು ಸುಳ್ಳುಗಾತಿ ಎಂದಲ್ಲ. ಸುಳ್ಳು ಹೇಳುವವಳಾಗಿದ್ದರೆ ತನಗೆ ವಿರುದ್ಧವಾದ ಸಾಕ್ಷ್ಯವನ್ನು ಅಷ್ಟು ಧಾರಾಳವಾಗಿ ಬಿಟ್ಟುಕೊಡುತ್ತಿರಲಿಲ್ಲ. ಅವಳು ಕಂಡದ್ದನ್ನು ಕಂಡಂತೆ ಬರೆಯುತ್ತಾಳೆ, ಮರುಕ್ಷಣವೇ ಅದರ ಮೇಲೊಂದು ಅರ್ಥವನ್ನು ಹೇರುತ್ತಾಳೆ, ಆಮೇಲೆ ಕಂಡದ್ದನ್ನು ಮರೆತು ಆ ಅರ್ಥವನ್ನೇ ಕಂಡದ್ದೆಂದು ನಡೆದುಕೊಳ್ಳುತ್ತಾಳೆ. ಈ ಕ್ರಮ ಕತೆಯ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ.

ಎರಡನೆಯ ಅಧ್ಯಾಯದಲ್ಲೇ ಇದರ ಮೊದಲ ನಿದರ್ಶನವಿದೆ. ಮೈಲ್ಸ್ ಓದುತ್ತಿದ್ದ ಶಾಲೆಯಿಂದ ಕಾಗದ ಬರುತ್ತದೆ. ಮಕ್ಕಳ ದೊಡ್ಡಪ್ಪ ಅದನ್ನು ಒಡೆಯದೆ, ಹೆಡ್‌ಮಾಸ್ಟರ್ ಮಹಾ ಬೇಸರದ ಮನುಷ್ಯ, ನೀವೇ ಓದಿ ಏನು ಮಾಡಬೇಕೋ ಮಾಡಿ, ನನಗೆ ಮಾತ್ರ ತಿಳಿಸಬೇಡಿ ಎಂದು ಬರೆದು ಇವಳಿಗೆ ದಾಟಿಸಿದ್ದಾನೆ. ಹುಡುಗನನ್ನು ಶಾಲೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ ಎಂಬ ವಿಷಾದದ ಮಾತಷ್ಟೇ ಅದರಲ್ಲಿದೆ, ಕಾರಣವನ್ನೇನೂ ಅವರು ಕೊಟ್ಟಿಲ್ಲ ಎಂದು ಅವಳೇ ಗ್ರೋಸ್‌ಗೆ ಹೇಳುತ್ತಾಳೆ. ಹೇಳಿದವಳೇ, ಇದಕ್ಕೆ ಒಂದೇ ಅರ್ಥ ಸಾಧ್ಯ, ಅವನಿಂದ ಉಳಿದ ಹುಡುಗರಿಗೆ ಕೇಡು ಎಂದು ತೀರ್ಪನ್ನೂ ಕೊಟ್ಟುಬಿಡುತ್ತಾಳೆ. ಶುಲ್ಕ ಕಟ್ಟಿರಲಿಲ್ಲವೋ, ಕಾಯಿಲೆಯೋ, ಯಾರೊಡನೆಯಾದರೂ ಜಗಳವೋ ಎಂಬ ಹತ್ತು ಸಾಧ್ಯತೆಗಳು ಅವಳಿಗೆ ಹೊಳೆಯುವುದೇ ಇಲ್ಲ. ಕಾಗದವನ್ನು ಗ್ರೋಸ್ ಕಡೆ ಚಾಚಿದಾಗ ಆಕೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಏಕೆಂದರೆ ಆಕೆಗೆ ಓದು ಬಾರದು. ಜೇಮ್ಸನ ಜಾಣತನ ಇಂಥ ಕಡೆ ನನಗೆ ಬಹಳ ಹಿಡಿಸುತ್ತದೆ. ಇವರಿಬ್ಬರಲ್ಲಿ ಕಾಗದ ಓದಬಲ್ಲವಳು ಇವಳೊಬ್ಬಳೇ. ಕಾಗದದ ಮಾತು ಗ್ರೋಸ್‌ಗೂ ನಮಗೂ ಇವಳ ಬಾಯಿಂದಲೇ ತಲುಪಬೇಕು.

ಕೆರೆಯ ಬಳಿಯ ಮೊದಲ ಪ್ರಸಂಗ ಇನ್ನೂ ಸ್ಪಷ್ಟವಾದದ್ದು. ಫ್ಲೋರಾ ನೀರಿಗೆ ಬೆನ್ನು ಹಾಕಿ ಕುಳಿತು, ತೂತಿರುವ ಒಂದು ಮರದ ಚೂರಿಗೆ ಇನ್ನೊಂದು ಕಡ್ಡಿಯನ್ನು ಸಿಕ್ಕಿಸಿ ದೋಣಿ ಮಾಡುತ್ತಿದ್ದಾಳೆ. ಗವರ್ನೆಸ್ ಹೊಲಿಗೆಯ ಮೇಲೆ ಕಣ್ಣಿಟ್ಟುಕೊಂಡಿದ್ದಾಳೆ. ಕೆರೆಯಾಚೆ ಯಾರೋ ಇದ್ದಾರೆಂಬುದು ತಲೆಯೆತ್ತುವ ಮೊದಲೇ ಅವಳಿಗೆ ಖಾತ್ರಿಯಾಗುತ್ತದೆ. ಅವಳು ಮೊದಲು ನೋಡುವುದು ಮಗುವನ್ನು: ಮಗು ಕೂಗಲಿಲ್ಲ, ತಿರುಗಲಿಲ್ಲ, ಮಾತು ನಿಲ್ಲಿಸಿ ದೋಣಿ ಮಾಡುವುದರಲ್ಲೇ ಮುಳುಗಿದೆ. ಆಮೇಲೆ ಅವಳು ಕಣ್ಣೆತ್ತಿ ಆಚೆ ದಡ ನೋಡುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಓಡಿಹೋಗಿ ಗ್ರೋಸ್‌ಳನ್ನು ತಬ್ಬಿಕೊಂಡು, ಮಕ್ಕಳಿಗೆ ಗೊತ್ತು, ಫ್ಲೋರಾ ನೋಡಿದಳು ಎನ್ನುತ್ತಾಳೆ. ಅವಳು ಹಾಗೆಂದು ನಿಮಗೆ ಹೇಳಿದಳೇ ಎಂದು ಗ್ರೋಸ್ ಕೇಳಿದರೆ, ಒಂದು ಮಾತೂ ಹೇಳಲಿಲ್ಲ, ಅದೇ ಭಯಂಕರ ಎಂಬ ಉತ್ತರ. ಅದು ಮಿಸ್ ಜೆಸೆಲ್ಲೇ ಎಂದು ಹೇಗೆ ಖಾತ್ರಿ ಎಂದಾಗ, ಹಾಗಾದರೆ ಫ್ಲೋರಾಳನ್ನೇ ಕೇಳು ಎನ್ನುತ್ತಾಳೆ. ಎಂದವಳೇ ಬೆಚ್ಚಿ, ದೇವರಾಣೆ ಬೇಡ, ಇಲ್ಲವೆಂದೇ ಹೇಳುತ್ತಾಳೆ, ಸುಳ್ಳು ಹೇಳುತ್ತಾಳೆ ಎಂದು ತಡೆಯುತ್ತಾಳೆ.

ಈ ತರ್ಕದೊಳಗೆ ಸಿಕ್ಕಿಬಿದ್ದ ಮಗುವಿಗೆ ಹೊರಬರುವ ದಾರಿಯೇ ಇಲ್ಲ. ಕಂಡೆ ಎಂದರೆ ಕಂಡಿತು, ಕಾಣಲಿಲ್ಲ ಎಂದರೆ ಮುಚ್ಚಿಟ್ಟಿತು, ಸುಮ್ಮನಿದ್ದರೆ ಮತ್ತೂ ಚೆನ್ನಾಗಿ ಮುಚ್ಚಿಟ್ಟಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಮ್ಮಲ್ಲಿ; ಇಲ್ಲಿ ಪ್ರಮಾಣಿಸುವ ಬಾಗಿಲನ್ನೇ ಅವಳು ಮುಚ್ಚಿಬಿಡುತ್ತಾಳೆ. ಮಿಸ್ ಜೆಸೆಲಳ ಪ್ರೇತ ನಿಜವಾಗಿಯೂ ಆ ದಡದಲ್ಲಿ ನಿಂತಿತ್ತು ಎಂದೇ ಒಪ್ಪಿಕೊಳ್ಳಿ. ಆಗಲೂ ಬೆನ್ನು ಹಾಕಿ ಕುಳಿತ ಎಂಟು ವರ್ಷದ ಹುಡುಗಿ ಅದನ್ನು ಕಂಡಳು, ಕಂಡೂ ನಟಿಸಿದಳು ಎಂಬುದಕ್ಕೆ ಕಿಂಚಿತ್ತೂ ಆಧಾರ ಹುಟ್ಟುವುದಿಲ್ಲ. ದೆವ್ವದ ಪ್ರಶ್ನೆಯೂ ನಂಬಿಕೆಯ ಪ್ರಶ್ನೆಯೂ ಬೇರೆಬೇರೆ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿಯೇ.

ನನ್ನ ಮಟ್ಟಿಗೆ ಅತ್ಯಂತ ಬಲವಾದ ಸಾಕ್ಷ್ಯ ಇರುವುದು 15 ಮತ್ತು 16ನೆಯ ಅಧ್ಯಾಯಗಳ ನಡುವೆ. ಮೊದಲ ಓದಿನಲ್ಲಿ ಇದನ್ನು ಬಹಳ ಜನ ಗಮನಿಸದೆ ದಾಟಿಬಿಡುತ್ತಾರೆ. ಚರ್ಚಿನಿಂದ ಒಬ್ಬಳೇ ಮರಳಿದ ಗವರ್ನೆಸ್ ಪಾಠದ ಕೋಣೆಗೆ ಹೋದಾಗ ತನ್ನ ಮೇಜಿನ ಮುಂದೆ ಮಿಸ್ ಜೆಸೆಲ್ ಕುಳಿತಿರುವುದನ್ನು ಕಾಣುತ್ತಾಳೆ. ಆ ಆಕೃತಿ ಎದ್ದು ನಿಂತು ನೋಡುತ್ತದೆ, ಗವರ್ನೆಸ್ ಒಂದು ಬೈಗುಳದ ಮಾತನ್ನು ಕೂಗುತ್ತಾಳೆ, ಮುಂದಿನ ಕ್ಷಣದಲ್ಲಿ ಕೋಣೆಯಲ್ಲಿ ಬಿಸಿಲು ಬಿಟ್ಟು ಬೇರೇನೂ ಇರುವುದಿಲ್ಲ. ಪ್ರೇತದ ಬಾಯಿಂದ ಒಂದು ಶಬ್ದವೂ ಹೊರಟ ದಾಖಲೆ ಅಲ್ಲಿಲ್ಲ. ಕೆಲವೇ ಪುಟಗಳ ನಂತರ ಗ್ರೋಸ್‌ಳ ಮುಂದೆ ಕುಳಿತು, ಮಿಸ್ ಜೆಸೆಲ್ ಜತೆ ಮಾತಾಡಲೆಂದು ಮನೆಗೆ ಬಂದೆ ಎನ್ನುತ್ತಾಳೆ. ಗ್ರೋಸ್ ಗಾಬರಿಯಿಂದ, ಅವಳು ಮಾತಾಡಿದಳೇ ಎಂದು ಕೇಳಿದರೆ, ಹೆಚ್ಚು ಕಡಿಮೆ ಹಾಗೆಯೇ ಎಂಬ ಅರ್ಥದ ಜಾರಿಕೆಯ ಮಾತು ಬರುತ್ತದೆ. ತಾನು ನರಕಯಾತನೆ ಪಡುತ್ತಿರುವೆನೆಂದೂ ಅದನ್ನು ಹಂಚಿಕೊಳ್ಳಲು ಫ್ಲೋರಾ ಬೇಕೆಂದೂ ಪ್ರೇತವೇ ಹೇಳಿಕೊಂಡಂತೆ ವರದಿಯಾಗುತ್ತದೆ. ಎರಡೂ ಬರಹ ಅವಳದೇ, ಎರಡನ್ನೂ ಅವಳೇ ನಮ್ಮ ಕೈಗೆ ಕೊಟ್ಟಿದ್ದಾಳೆ, ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ದೆವ್ವಗಳಿದ್ದವೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳದೆಯೇ, ಈ ನಿರೂಪಕಿ ತಾನು ಕಂಡದ್ದಕ್ಕೆ ತಾನು ಅರ್ಥಮಾಡಿಕೊಂಡದ್ದನ್ನು ಸೇರಿಸಿ ಹೇಳುವವಳು ಎಂದು ನಾವು ಖಚಿತವಾಗಿ ಹೇಳಬಹುದು.

ಇನ್ನು ನೀವು ಎತ್ತಿದ ಕ್ವಿಂಟನ ಚಹರೆಯ ಪ್ರಶ್ನೆ. ಭ್ರಮೆಯ ವಾದಕ್ಕೆ ಇದಕ್ಕಿಂತ ದೊಡ್ಡ ತೊಡಕು ಬೇರೊಂದಿಲ್ಲ. 1934ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕನ್ ವಿಮರ್ಶಕ, ದೆವ್ವಗಳೆಲ್ಲ ಅವಳ ಅದುಮಿಟ್ಟ ಕಾಮನೆಯ ಸೃಷ್ಟಿ ಎಂಬ, ಮನೋವಿಶ್ಲೇಷಕ ಫ್ರಾಯ್ಡನ ದಾರಿಯ ವಾದವನ್ನು ಪ್ರಸಿದ್ಧಿಗೆ ತಂದ. ಗಂಡು ಆಕೃತಿ ಗೋಪುರದ ಮೇಲೆ, ಹೆಣ್ಣು ಆಕೃತಿ ಕೆರೆಯ ಬಳಿ ಕಾಣಿಸಿಕೊಳ್ಳುವುದೂ, ಫ್ಲೋರಾಳ ಆ ದೋಣಿಯೂ ಅವನಿಗೆ ಸಂಕೇತಗಳಾಗಿ ಕಂಡವು. ವಾದದಲ್ಲಿ ಹುರುಳಿಲ್ಲದಿಲ್ಲ. ಮೊದಲ ಸಲ ಕ್ವಿಂಟ್ ಕಾಣಿಸುವುದಕ್ಕೆ ಸ್ವಲ್ಪವೇ ಮುಂಚೆ ಅವಳು ಸಂಜೆಯ ತೋಟದಲ್ಲಿ ಅಡ್ಡಾಡುತ್ತ, ತಿರುವಿನಲ್ಲಿ ಯಾರಾದರೂ ಎದುರಾಗಿ ಮೆಚ್ಚುಗೆಯ ನಗೆ ಬೀರಿದರೆ ಎಷ್ಟು ಚೆನ್ನ ಎಂದು ಕನಸು ಕಾಣುತ್ತಿರುತ್ತಾಳೆ. ಆ ಯಾರೋ ಎಂದರೆ ಹಾರ್ಲೆ ಸ್ಟ್ರೀಟಿನ ಯಜಮಾನ ಎಂಬುದರಲ್ಲಿ ಓದುಗರಿಗೆ ಅನುಮಾನ ಉಳಿಯುವುದಿಲ್ಲ. ತಲೆಯೆತ್ತಿದರೆ ಗೋಪುರದ ಮೇಲೆ ಗಂಡಸೊಬ್ಬ ನಿಂತಿದ್ದಾನೆ, ಕಲ್ಪನೆ ಥಟ್ಟನೆ ನಿಜವಾದಂತೆ ತನಗನ್ನಿಸಿತೆಂದು ಅವಳೇ ಬರೆಯುತ್ತಾಳೆ.

ಆದರೆ ಐದನೆಯ ಅಧ್ಯಾಯದಲ್ಲಿ ಅವಳು ಕೊಡುವ ವಿವರವನ್ನು ಕಾಮನೆಯೊಂದರಿಂದಲೇ ವಿವರಿಸಲಾಗದು. ಟೊಪ್ಪಿಗೆಯಿಲ್ಲ, ಗುಂಗುರಾದ ಕಡುಗೆಂಪು ಕೂದಲು, ಬಿಳಿಚಿದ ಉದ್ದ ಮುಖ, ಕೂದಲಷ್ಟೇ ಕೆಂಪಾದ ವಿಚಿತ್ರವಾದ ಸಣ್ಣ ಕೆನ್ನೆಗಡ್ಡ, ಇನ್ನೂ ಕಪ್ಪಾದ ಹುಬ್ಬು, ಚೂಪಾದ ಕಣ್ಣು, ಅಗಲ ಬಾಯಿ, ತೆಳು ತುಟಿ. ನಟನಂತೆ ಕಾಣುತ್ತಾನೆ, ಮರ್ಯಾದಸ್ಥ ಮಾತ್ರ ಅಲ್ಲ. ಉಟ್ಟ ಬಟ್ಟೆ ಚೆನ್ನಾಗಿದೆ, ಅವನದಲ್ಲ. ಇದನ್ನು ಕೇಳಿ ಗ್ರೋಸ್ ನರಳುತ್ತ ಕ್ವಿಂಟನ ಹೆಸರು ಹೇಳುತ್ತಾಳೆ. ಅವನು ಯಜಮಾನನ ವೇಸ್ಟ್‌ಕೋಟುಗಳನ್ನು ತೊಟ್ಟು ತಿರುಗುತ್ತಿದ್ದವನು.

ಭ್ರಮೆಯ ಪಕ್ಷದವರು ಇದಕ್ಕೆ ಎರಡು ಉತ್ತರ ಹುಡುಕಿದ್ದಾರೆ. ಎರಡನೆಯ ಅಧ್ಯಾಯದಲ್ಲಿ, ಯಜಮಾನನಿಗೆ ಎಳೆಯ ಚೆಲುವೆಯರೆಂದರೆ ಇಷ್ಟವಿರಬೇಕು ಎಂದು ಗವರ್ನೆಸ್ ಅಂದಾಗ, ಹೌದು, ಅವನಿಗೆ ಹಾಗೆ ಇಷ್ಟವಿತ್ತು ಎಂದು ಭೂತಕಾಲದಲ್ಲಿ ಬಾಯಿ ಜಾರಿ, ಯಜಮಾನನನ್ನು ಕುರಿತೇ ಹೇಳಿದ್ದು ಎಂದು ಗ್ರೋಸ್ ತೇಪೆ ಹಾಕುತ್ತಾಳೆ. ಆ ಮನೆಯಲ್ಲಿ ಇನ್ನೊಬ್ಬ ಗಂಡಸು ಇದ್ದನೆಂಬ ಸುಳಿವು ಗವರ್ನೆಸ್‌ಗೆ ಅಂದೇ ಸಿಕ್ಕಿತ್ತು. ಎರಡನೆಯ ಉತ್ತರ ಇನ್ನೂ ಸೂಕ್ಷ್ಮವಾದದ್ದು. ಚಹರೆಯನ್ನು ಹೇಳುವ ಮೊದಲು, ಅವನು ಊರಿನವನೇನಾದರೂ ಇರಬಹುದೇ ಎಂದು ಗ್ರೋಸ್ ಕೇಳುತ್ತಾಳೆ. ಯಾರೂ ಅಲ್ಲ, ನಿನಗೆ ಹೇಳಿರಲಿಲ್ಲ, ಆದರೆ ನಾನು ಖಚಿತಪಡಿಸಿಕೊಂಡಿದ್ದೇನೆ ಎಂದು ಗವರ್ನೆಸ್ ಹೇಳುತ್ತಾಳೆ. ಯಾರಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡಳು? ಊರಿನವರಲ್ಲಿ ವಿಚಾರಿಸಿದ್ದರೆ ಕೆಂಗೂದಲಿನ ಕ್ವಿಂಟನ ಸುದ್ದಿ ಅಲ್ಲೇ ಕಿವಿಗೆ ಬಿದ್ದಿರಬಹುದಲ್ಲವೇ? 1957ರಲ್ಲಿ ಜಾನ್ ಸಿಲ್ವರ್ ಎಂಬ ವಿದ್ವಾಂಸ ಎತ್ತಿದ ಈ ಅಂಶ ಬಹಳ ಜಾಣ್ಮೆಯದು. ಆದರೂ ಇದು ಸಾಧ್ಯತೆ ಮಾತ್ರ. ಅವಳು ಊರಿಗೆ ಹೋಗಿ ಅವನ ಬಗ್ಗೆ ಕೇಳಿದ ದೃಶ್ಯ ಕತೆಯಲ್ಲೆಲ್ಲೂ ಇಲ್ಲ. ಇಲ್ಲದ ದೃಶ್ಯವನ್ನು ಕಟ್ಟಿಕೊಂಡು ಅದರ ಮೇಲೆ ತೀರ್ಪು ಕೊಡುವುದು ಗವರ್ನೆಸ್ ಮಾಡುವ ಕೆಲಸವೇ. ಹಾಗಾಗಿ ಚಹರೆಯ ಬಗೆಗಿನ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಚಹರೆಯ ಪ್ರಸಂಗ ದೆವ್ವದ ಪಕ್ಷಕ್ಕೆ ಬಲ ಕೊಡುತ್ತದೆ, ಆದರೆ ಗೆಲುವು ತಂದುಕೊಡುವಷ್ಟಲ್ಲ.

ವಿಲ್ಸನ್‌ನ ವಾದವನ್ನು 1947ರಲ್ಲಿ ರಾಬರ್ಟ್ ಹೈಲ್‌ಮನ್ ಎಂಬ ವಿಮರ್ಶಕ ಕಟುವಾಗಿ ಟೀಕಿಸಿದ. 1948ರಲ್ಲಿ ವಿಲ್ಸನ್ ತನ್ನ ಲೇಖನವನ್ನು ತಿದ್ದಿ, ಜೇಮ್ಸ್ ನಿಜವಾದ ದೆವ್ವದ ಕತೆಯನ್ನೇ ಬರೆಯಲು ಹೊರಟಿದ್ದ, ಆದರೆ ತನ್ನ ನಾಯಕಿಯ ವಿಷಯದಲ್ಲಿ ಅವನೂ ತನ್ನನ್ನು ತಾನೇ ವಂಚಿಸಿಕೊಂಡ ಎಂಬ ನಿಲುವಿಗೆ ಬಂದ. ಸೋಲದಿರಲು ಲೇಖಕನನ್ನೇ ರೋಗಿಯನ್ನಾಗಿಸುವ ಈ ಉಪಾಯ ನನಗೆ ರುಚಿಸುವುದಿಲ್ಲ. 1977ರಲ್ಲಿ ವಿಮರ್ಶಕಿ ಶೋಶಾನಾ ಫೆಲ್ಮನ್ ಬರೆದ ದೀರ್ಘ ಲೇಖನ ಈ ಇಡೀ ಜಗಳದ ಮೇಲೆ ಒಳ್ಳೆಯ ಬೆಳಕು ಚೆಲ್ಲಿತು. ಪ್ರತಿಯೊಂದು ಮೌನದ ಹಿಂದೆಯೂ ಒಂದೇ ಗುಟ್ಟು ಅಡಗಿದೆ, ಅದು ತನಗೆ ಗೊತ್ತಾಗಿದೆ ಎನ್ನುವ ವಿಮರ್ಶಕ, ಮಕ್ಕಳ ಮೌನದ ಹಿಂದೆ ಕ್ವಿಂಟ್‌ನನ್ನು ಕಾಣುವ ಗವರ್ನೆಸ್‌ಳ ಹೆಜ್ಜೆಯಲ್ಲೇ ನಡೆಯುತ್ತಿರುತ್ತಾನೆ ಎಂಬುದನ್ನು ಅವರು ತೋರಿಸಿದರು. ಅಂದಹಾಗೆ, ನಂಬಲಾಗದ ನಿರೂಪಕ ಎಂಬ ಪರಿಭಾಷೆ ಬಳಕೆಗೆ ಬಂದದ್ದು 1961ರಲ್ಲಿ, ವಿಮರ್ಶಕ ವೇಯ್ನ್ ಬೂತ್ ಅವರ ಗ್ರಂಥದಿಂದ. ಅಷ್ಟು ಹೊತ್ತಿಗೆ ಈ ಕತೆಗೆ ಅರುವತ್ತು ದಾಟಿತ್ತು.

ಇತರ ಪಾತ್ರಗಳ ಸಾಕ್ಷ್ಯವೂ ಇದೇ ರೀತಿ ಇಬ್ಬದಿಯದು. ಕೆರೆಯ ಬಳಿಯ ಎರಡನೆಯ ಪ್ರಸಂಗದಲ್ಲಿ ಗವರ್ನೆಸ್ ಬೆರಳು ಮಾಡಿ ತೋರಿಸಿದರೂ ಗ್ರೋಸ್‌ಗೆ ಏನೂ ಕಾಣುವುದಿಲ್ಲ. ಫ್ಲೋರಾ, ನನಗೆ ಯಾರೂ ಕಾಣುತ್ತಿಲ್ಲ, ಎಂದೂ ಕಂಡಿಲ್ಲ, ನೀವು ಕ್ರೂರಿ ಎಂದು ಅಳುತ್ತಾಳೆ. ಇಲ್ಲಿಗೆ ವಿಷಯ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮರುದಿನ ಬೆಳಿಗ್ಗೆ ಅದೇ ಗ್ರೋಸ್ ಬಂದು, ಜ್ವರದಲ್ಲಿ ಮಗುವಿನ ಬಾಯಿಂದ ಹೊರಟ ಹೊಲಸು ಮಾತುಗಳನ್ನು ಕೇಳಿ ತನಗೀಗ ನಂಬಿಕೆ ಬಂದಿದೆ ಎನ್ನುತ್ತಾಳೆ. ಆ ಮಾತುಗಳೇನು ಎಂದು ನಮಗೆ ತಿಳಿಸುವುದಿಲ್ಲ. ಕ್ವಿಂಟ್ ಬದುಕಿದ್ದಾಗ ಮಕ್ಕಳು ಅವನ ಸಹವಾಸದಲ್ಲಿ ಬೆಳೆದವರು. ಅಂಥ ಮಾತು ಕಲಿಯಲು ಅವನು ಸತ್ತು ದೆವ್ವವಾಗಬೇಕಿರಲಿಲ್ಲ. ಮಕ್ಕಳಿಗೆ ಆ ಮನೆಯಲ್ಲಿ ಅನ್ಯಾಯವಾಗಿರುವುದು ನಿಜ, ಆದರೆ ಅದು ದೆವ್ವಗಳು ಬರುವ ಮೊದಲೇ ನಡೆದುಹೋಗಿತ್ತು ಎಂದು ಓದಲು ಕೃತಿ ಪೂರ್ತಿ ಅವಕಾಶ ಕೊಡುತ್ತದೆ.

ಕೊನೆಯ ಅಧ್ಯಾಯದಲ್ಲಿ ಶಾಲೆಯ ಗುಟ್ಟು ಹೊರಬೀಳುತ್ತದೆ. ತನಗೆ ಇಷ್ಟವಾದ ಕೆಲವು ಹುಡುಗರಿಗೆ ಏನೋ ಹೇಳಿದೆ, ಅವರು ತಮಗಿಷ್ಟವಾದವರಿಗೆ ಹೇಳಿರಬೇಕು ಎಂದಷ್ಟೇ ಮೈಲ್ಸ್ ಒಪ್ಪಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಗವರ್ನೆಸ್‌ಳ ಮನಸ್ಸಿನಲ್ಲಿ ಒಂದು ಭಯ ಸುಳಿಯುತ್ತದೆ: ಇವನು ನಿರ್ದೋಷಿಯಾದರೆ ಹಾಗಾದರೆ ನಾನು ಏನು? ಇಡೀ ಕೃತಿಯಲ್ಲಿ ಅವಳು ತನ್ನನ್ನೇ ಕೇಳಿಕೊಂಡ ಇಷ್ಟು ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ, ಆದರೆ ಅದರ ಜತೆ ಅವಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಿಟಕಿಯಲ್ಲಿ ಮತ್ತೆ ಮುಖ ಕಾಣಿಸುತ್ತದೆ. ಹುಡುಗ ಮೊದಲು ಮಿಸ್ ಜೆಸೆಲಳ ಹೆಸರು ಹೇಳುತ್ತಾನೆ, ಅವಳಲ್ಲ ಎಂದಾಗ, ಹಾಗಾದರೆ ಅವನೇ ಎಂದು ಕೇಳುತ್ತಾನೆ. ಅವನೆಂದರೆ ಯಾರು ಎಂದು ಒತ್ತಾಯಿಸಿದ ಮೇಲೆ, ಪೀಟರ್ ಕ್ವಿಂಟ್ ಎಂದು ಹೇಳಿ, ಅದೇ ಉಸಿರಿನಲ್ಲಿ, ನೀನು ಪಿಶಾಚಿ ಎಂದು ಚೀರಿ, ಎಲ್ಲಿ ಎಂದು ಕೋಣೆಯ ಸುತ್ತ ಹುಡುಕುತ್ತಾನೆ. ಪಿಶಾಚಿ ಎಂದದ್ದು ಕಿಟಕಿಯಾಚೆ ಇರುವವನಿಗೋ, ತನ್ನನ್ನು ಬಿಗಿಯಾಗಿ ಹಿಡಿದಿರುವವಳಿಗೋ ಎಂಬುದನ್ನು ವಾಕ್ಯ ಬಿಟ್ಟುಕೊಡುವುದಿಲ್ಲ. ಹುಡುಗನ ಕಣ್ಣಿಗೆ ಏನೂ ಕಾಣುತ್ತಿಲ್ಲ ಎಂಬುದು ಮಾತ್ರ ಸ್ಪಷ್ಟ. ಅವಳು ಅವನನ್ನು ತಬ್ಬಿ ಹಿಡಿಯುತ್ತಾಳೆ. ತಾನು ಹಿಡಿದಿರುವುದು ಏನನ್ನು ಎಂದು ಅರಿವಾಗಲು ಒಂದು ನಿಮಿಷ ಬೇಕಾಯಿತು ಎಂದು ಬರೆಯುತ್ತಾಳೆ. ದೆವ್ವವಿದ್ದರೂ ಇಲ್ಲದಿದ್ದರೂ ಆ ಒಂದು ನಿಮಿಷ ಅವಳದೇ.

ಹಾಗಿದ್ದರೂ ಅವಳು ಒಳ್ಳೆಯವಳೆಂಬ ಭಾವನೆ ನಮ್ಮಲ್ಲಿ ಉಳಿಯುವುದೇಕೆ? ಅದಕ್ಕೆ ಕಾರಣ ಕತೆಯ ಚೌಕಟ್ಟು. ಕ್ರಿಸ್‌ಮಸ್ ಹೊತ್ತಿನಲ್ಲಿ ಒಂದು ಹಳೆಯ ಮನೆಯಲ್ಲಿ ಸೇರಿದ ಅತಿಥಿಗಳಿಗೆ ಡಗ್ಲಸ್ ಎಂಬಾತ ಅವಳ ಹಸ್ತಪ್ರತಿಯನ್ನು ಓದಿ ಹೇಳುತ್ತಾನೆ. ಅವಳು ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಅವಳು ಅವನ ತಂಗಿಯ ಗವರ್ನೆಸ್ ಆಗಿದ್ದವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅವನಿಗೆ ಅವಳಲ್ಲಿ ತುಂಬ ಒಲವಿತ್ತು. ಅವಳ ನಡತೆಗೆ ಸಿಗುವ ಏಕೈಕ ಪ್ರಮಾಣಪತ್ರ ಮೆಚ್ಚಿಕೊಂಡವನೊಬ್ಬನದು. ನಮ್ಮ ಕೈಗೆ ಬರುವುದು ಆ ಹಸ್ತಪ್ರತಿಯೂ ಅಲ್ಲ, ಇನ್ನೊಬ್ಬ ಅನಾಮಿಕ ಮಾಡಿಕೊಂಡ ಅದರ ನಕಲು. ಕತೆ ಮುಗಿದ ಮೇಲೆ ಜೇಮ್ಸ್ ಆ ಕ್ರಿಸ್‌ಮಸ್ ಮನೆಗೆ ನಮ್ಮನ್ನು ಮತ್ತೆ ಕರೆದೊಯ್ಯುವುದಿಲ್ಲ. ಕೇಳಿದವರು ಏನೆಂದರು, ಹುಡುಗ ಸತ್ತ ಮೇಲೆ ಅವಳಿಗೆ ಇನ್ನೊಂದು ಮನೆಯಲ್ಲಿ ಮಕ್ಕಳನ್ನು ಹೇಗೆ ಒಪ್ಪಿಸಿದರು ಎಂಬುದೊಂದೂ ತಿಳಿಯದು.

ಕೊನೆಯದಾಗಿ, ಲೇಖಕನಿಗೆ ಉತ್ತರ ಗೊತ್ತಿತ್ತೇ ಎಂಬುದು. ಈ ವಿಷಯದಲ್ಲಿ ಜೇಮ್ಸನ ಮಾತುಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಕಾದಂಬರಿಕಾರ ಎಚ್. ಜಿ. ವೆಲ್ಸ್‌ಗೆ 1898ರ ಡಿಸೆಂಬರಿನಲ್ಲಿ ಬರೆದ ಕಾಗದದಲ್ಲಿ, ಇದು ಹೊಟ್ಟೆಪಾಡಿಗೆಂದು ಬರೆದದ್ದು, ಬುದ್ಧಿಯ ಒಂದು ಆಟ ಎಂದು ಕೈ ತೊಳೆದುಕೊಂಡ. 1908ರಲ್ಲಿ ತನ್ನ ಕೃತಿಗಳ ನ್ಯೂಯಾರ್ಕ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ಸುಲಭಕ್ಕೆ ಸಿಕ್ಕಿಬೀಳದ ಓದುಗರನ್ನು ಹಿಡಿಯಲೆಂದು ಒಡ್ಡಿದ ಬಲೆ ಇದೆಂದು ಹೇಳಿಕೊಂಡ. ಅವನ ಅಣ್ಣ ವಿಲಿಯಂ ಜೇಮ್ಸ್ ಅತೀಂದ್ರಿಯ ಸಂಗತಿಗಳ ಸಂಶೋಧನಾ ಸಂಘದ ಅಧ್ಯಕ್ಷನಾಗಿದ್ದವನು. ಆ ಸಂಘದವರು ದಾಖಲಿಸುತ್ತಿದ್ದ ಆಧುನಿಕ ದೆವ್ವಗಳು ಏನೂ ಮಾಡದೆ ಸುಮ್ಮನೆ ನಿಂತು ಹೋಗುವಂಥವಾದ್ದರಿಂದ ತನ್ನ ಕೆಲಸಕ್ಕೆ ಬರಲಿಲ್ಲ, ಹಳೆಯ ಕಾಲದ ದುಷ್ಟ ಭೂತಗಳೇ ಬೇಕಾದವು ಎಂದೂ ಅದೇ ಮುನ್ನುಡಿಯಲ್ಲಿದೆ. ಇದನ್ನು ಓದಿದರೆ ದೆವ್ವದ ಪಕ್ಷದವರಿಗೆ ಸಂತೋಷವಾಗಬೇಕು. ಆದರೆ ಅಲ್ಲೇ, ಗವರ್ನೆಸ್ ತಾನು ಕಂಡ ವಿಚಿತ್ರಗಳ ದಾಖಲೆಯನ್ನು ತಿಳಿಯಾಗಿ ಇಡುವಂತೆ ನೋಡಿಕೊಂಡೆ ಎಂದು ಹೇಳಿ, ಅವುಗಳಿಗೆ ಅವಳು ಕೊಡುವ ವಿವರಣೆಯ ಮಾತು ಬೇರೆ ಎಂದು ನಡುವೆ ತೂರಿಸುತ್ತಾನೆ. ದಾಖಲೆ ಬೇರೆ, ವಿವರಣೆ ಬೇರೆ. ನಾನು ಮೇಲೆ ಶಾಲೆಯ ಕಾಗದ, ಕೆರೆಯ ದಡ, ಪಾಠದ ಕೋಣೆ ಎಂದು ಹೇಳಿದ್ದೆಲ್ಲ ಲೇಖಕನೇ ಎಳೆದ ಈ ಗೆರೆಯ ಆಚೆ ಈಚೆ ನಿಂತು ನೋಡಿದ್ದು.

ಮೋಸ ಎನ್ನಬೇಕಾದರೆ ಉತ್ತರವನ್ನು ಇಟ್ಟುಕೊಂಡು ಅಡಗಿಸಿರಬೇಕು. ಇಲ್ಲಿ ಅಡಗಿಸಿದ್ದು ಉತ್ತರವನ್ನಲ್ಲ, ಕೇಡಿನ ವಿವರಗಳನ್ನು. ಕ್ವಿಂಟ್ ಏನು ಮಾಡಿದ, ಜೆಸೆಲ್ ಹೇಗೆ ಸತ್ತಳು, ಮೈಲ್ಸ್ ಶಾಲೆಯಲ್ಲಿ ಏನೆಂದ ಎಂಬುದನ್ನೆಲ್ಲ ಖಾಲಿ ಬಿಟ್ಟು, ಓದುಗರು ತಮ್ಮ ಮನಸ್ಸಿನಲ್ಲಿರುವ ಅತ್ಯಂತ ಕೆಟ್ಟದ್ದನ್ನು ತಾವೇ ತಂದು ಅಲ್ಲಿ ತುಂಬಲಿ ಎಂಬುದು ತನ್ನ ತಂತ್ರವೆಂದು ಜೇಮ್ಸ್ ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ವೇದಿಕೆಗೆ ತಂದಾಗ ಈ ಖಾಲಿ ಜಾಗ ಎಷ್ಟು ಮುಖ್ಯವೆಂಬುದು ಗೊತ್ತಾಗುತ್ತದೆ. 1954ರಲ್ಲಿ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಇದನ್ನು ಒಪೆರಾ (ಸಂಗೀತ ನಾಟಕ) ಮಾಡಿದಾಗ ಕ್ವಿಂಟ್‌ಗೂ ಜೆಸೆಲ್‌ಗೂ ಹಾಡುಗಳನ್ನು ಕೊಡಬೇಕಾಯಿತು, ಅವರಿಬ್ಬರೇ ಮಾತಾಡಿಕೊಳ್ಳುವ ದೃಶ್ಯವೂ ಅದರಲ್ಲಿದೆ. ಸಂಗೀತ ಅದ್ಭುತವಾಗಿದೆ, ಆದರೆ ಗವರ್ನೆಸ್ ಇಲ್ಲದ ಕಡೆಯಲ್ಲೂ ದೆವ್ವಗಳು ಹಾಡತೊಡಗಿದ ಮೇಲೆ ನಿಮ್ಮ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

ಮೂರನೆಯ ಸಲ ಓದುವುದಾದರೆ ಮೊದಲಿನಿಂದ ತೊಡಗಬೇಡಿ. 7ನೆಯ ಅಧ್ಯಾಯವನ್ನೂ 15, 16ನೆಯ ಅಧ್ಯಾಯಗಳನ್ನೂ ಒಟ್ಟಿಗೆ ಇಟ್ಟುಕೊಂಡು, ಗ್ರೋಸ್ ಅರ್ಧಕ್ಕೆ ನಿಲ್ಲಿಸಿದ ವಾಕ್ಯಗಳನ್ನು ಯಾರು ಪೂರ್ತಿ ಮಾಡುತ್ತಾರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. 1898ರ ಪಠ್ಯವನ್ನೂ 1908ರಲ್ಲಿ ಜೇಮ್ಸ್ ಪರಿಷ್ಕರಿಸಿದ ಪಠ್ಯವನ್ನೂ ಬೆರೆಸದಿರಿ; ಈಗ ಸಿಗುವ ಅಗ್ಗದ ಮುದ್ರಣಗಳಲ್ಲಿ ಯಾವುದು ಯಾವುದೆಂದು ಕೆಲವೊಮ್ಮೆ ನಮೂದಿಸಿರುವುದಿಲ್ಲ.